ವಾಸಂತಿ ಮಿಸ್ ಹೊಡೆಯಲಿಲ್ಲ

ವಾಸಂತಿ ಮಿಸ್, ಅನಘಳ ಕಿವಿಯ ಹಿಂದೆ ನೀವು ಕಂಡ ಗಾಯ ನಾನು ಮಾಡಿದ್ದು. ನೀವಲ್ಲ, ನಿಮ್ಮ ಸ್ಕೇಲೂ ಅಲ್ಲ. ದೋಸೆ ಮಗುಚುವ ಕಬ್ಬಿಣದ ಕೈಯಿಂದ ನಾನು ಹೆತ್ತ ಮಗುವಿಗೆ ನಾನೇ ಕೊಟ್ಟ ಏಟು ಅದು. ಇಷ್ಟನ್ನು ಬರೆಯಲು ನಾಲ್ಕು ವರ್ಷ ಹಿಡಿಯಿತು — ಹಾಗೆನ್ನುವುದೂ ಸುಳ್ಳೇ. ಹೋದ ವಾರದ ತನಕ ಬರೆಯುವ ಯೋಚನೆಯೇ ನನಗಿರಲಿಲ್ಲ.

ಅವತ್ತು ನಿಮ್ಮ ಫೋನ್ ಬಂದಾಗ ಸಿಂಕಿನ ಮುಂದೆ ನಿಂತು ಹುಣಸೆಹಣ್ಣು ಹಚ್ಚಿ ದೇವರ ಪಾತ್ರೆ ತಿಕ್ಕುತ್ತಿದ್ದೆ. ಶುಕ್ರವಾರ. ಗಂಟೆಯ ಒಳಗೆ ಬೆರಳು ತೂರಿಸಿ ಕಿಲುಬು ತೆಗೆಯುತ್ತಿದ್ದೆ. ಒದ್ದೆ ಕೈಯಲ್ಲೇ ಫೋನ್ ಎತ್ತಿದೆ.

"ಅನಘಾ ಅಮ್ಮ, ಗಾಬರಿ ಆಗ್ಬೇಡಿ," ಅಂದಿರಿ. "ಊಟಕ್ಕೆ ಮಾಸ್ಕ್ ತೆಗೆದ್ಳು, ದಾರದಲ್ಲಿ ರಕ್ತ ಇತ್ತು. ಕಿವಿ ಹಿಂದೆ ಒಡೆದಿದೆ. ತೋಳಿನ ಮೇಲೂ ಗೆರೆ ಗೆರೆ ಇದೆ. ತೊಳೆದು ಔಷಧಿ ಹಚ್ಚಿದೀನಿ. ಕೇಳಿದ್ರೆ ಬಾಯಿ ಬಿಡ್ತಿಲ್ಲ. ಮನೇಲಿ ಬಿದ್ಲಾ?"

ಬಿದ್ದಳು ಎಂದಿದ್ದರೆ ಸಾಕಿತ್ತು. ಅದೂ ಸುಳ್ಳೇ, ಆದರೆ ಆ ಸುಳ್ಳಿಗೆ ನೀವು ಬಲಿಯಾಗುತ್ತಿರಲಿಲ್ಲ. ನಾನು ಹೇಳಿದ್ದು — "ಇಲ್ವಲ್ಲ ಮಿಸ್. ಬೆಳಿಗ್ಗೆ ನಾನೇ ತಲೆ ಬಾಚಿ ಕಳಿಸಿದೆ. ಏನೂ ಇರ್ಲಿಲ್ಲ."

ತಲೆ ಬಾಚಿದ್ದು ನಿಜ. ದಿನಾ ಹಾಕುತ್ತಿದ್ದ ಜಡೆ ಬಿಟ್ಟು ಕೂದಲನ್ನು ಕಿವಿಯ ಮೇಲೆ ಇಳಿಬಿಟ್ಟಿದ್ದೆ. ಉದ್ದ ತೋಳಿನ ಅಂಗಿಯನ್ನು ಮಾತ್ರ ನಾನು ತೆಗೆದುಕೊಡಲಿಲ್ಲ, ಅವಳೇ ತೆಗೆದುಕೊಂಡಳು. ಎಂಟು ವರ್ಷದ ಮಗುವಿಗೆ ಅದು ತಾನಾಗಿಯೇ ಹೊಳೆದಿತ್ತು — ಅದರಿಂದಲೇ ನಿಮಗೆ ಅರ್ಥವಾಗಬೇಕು, ಅದು ಮೊದಲ ಸಲವಲ್ಲ ಎಂದು.

ನಿಮ್ಮ ಶಾಲೆಯನ್ನು ಹುಡುಕಿದ್ದು ನಾನೇ. ನಮ್ಮ ಮನೆಯ ಎದುರಿನ ಸರ್ಕಾರಿ ಶಾಲೆಗೆ ಅವಳು ಪುಕ್ಕಟೆಯಾಗಿ, ಖುಷಿಯಾಗಿ ಹೋಗುತ್ತಿದ್ದಳು. ಆದರೆ ಕೊರೋನಾದ ಎರಡನೇ ವರ್ಷ ಇವರ ಆಫೀಸಿನಲ್ಲಿ ಜನರನ್ನು ತೆಗೆಯುತ್ತಾರೆಂಬ ಮಾತೆದ್ದಿತು. ಕೆಲಸ ಹೋದರೆ ವೀಸಾವೂ ಹೋಗುತ್ತದೆ, ಎರಡು ತಿಂಗಳಲ್ಲಿ ಗಂಟುಮೂಟೆ ಕಟ್ಟಿ ಈ ದೇಶ ಬಿಡಬೇಕು. ಹಿಂದಿ ಬಾರದ, ಮಗ್ಗಿ ಬಾರದ ಹುಡುಗಿಯನ್ನು ಮೈಸೂರಿನಲ್ಲಿ ಯಾರು ಸೇರಿಸಿಕೊಳ್ಳುತ್ತಾರೆ? ಇಂಡಿಯಾ ಸಿಲಬಸ್ ಕಲಿಸುವ ಶಾಲೆ ನಮ್ಮ ಕೈಗೆಟುಕುವ ದೂರದಲ್ಲಿ ಎರಡೇ ಇದ್ದವು. ಒಂದಕ್ಕೆ ಈಜುಕೊಳವಿತ್ತು, ಅದರ ಫೀಸು ನಮ್ಮ ಮನೆಬಾಡಿಗೆಯನ್ನು ಮೀರುತ್ತಿತ್ತು. ಇನ್ನೊಂದು ನಿಮ್ಮದು — ಲಾರೆನ್ಸ್‌ವಿಲ್‌ನಲ್ಲಿ ಟ್ಯಾಕ್ಸ್ ಆಫೀಸಿನ ಮೇಲಿನ ನಾಲ್ಕು ಕೋಣೆ, ಬಾಗಿಲಲ್ಲಿ ಸರಸ್ವತಿಯ ಪಟ.

ನಾನು ಕಣ್ಣುಮುಚ್ಚಿ ಸೇರಿಸಲಿಲ್ಲ, ಎಲ್ಲ ಕೇಳಿದೆ. ಯಾವ ಬೋರ್ಡಿನ ಪುಸ್ತಕ, ಒಬ್ಬ ಟೀಚರಿಗೆ ಎಷ್ಟು ಮಕ್ಕಳು, ಇಲ್ಲಿಯ ಟಿ.ಸಿ.ಯನ್ನು ಅಲ್ಲಿ ಒಪ್ಪುತ್ತಾರೋ ಇಲ್ಲವೋ. ಆಮೇಲೆ ನೀವು ಬಂದಿರಿ. "ಮೈಸೂರಾ? ಮೈಸೂರಲ್ಲಿ ಎಲ್ಲಿ?" ಅಂದಿರಿ. ಅಷ್ಟಕ್ಕೇ ನನ್ನ ಜೀವ ನಿರಾಳವಾಯಿತು. ಸೀಟು ಸಿಕ್ಕಿತು, ಮನೆಗೆ ಹತ್ತಿರ, ಕನ್ನಡದ ಮಿಸ್ — ತಾಯಿ ಚಾಮುಂಡಿ ಮೂರು ಕಡೆಯಿಂದ ಕೈಹಿಡಿದಳು ಎಂದುಕೊಂಡೆ. ಆ ಸಂತೋಷದಲ್ಲಿ, ಪ್ರಿನ್ಸಿಪಾಲರ ಮುಂದೆ, ಇನ್ನಿಬ್ಬರು ತಾಯಂದಿರ ಮುಂದೆ, ನಮ್ಮಮ್ಮ ನನ್ನ ಮೇಷ್ಟರಿಗೆ ಹೇಳುತ್ತಿದ್ದ ಮಾತನ್ನೇ ನಾನೂ ಹೇಳಿದೆ:

"ಓದಲಿಲ್ಲ ಅಂದ್ರೆ ಎರಡು ಬಿಡಿ ಮಿಸ್. ನಾನಂತೂ ಬಂದು ಕೇಳೋದಿಲ್ಲ."

ಎಲ್ಲರೂ ನಕ್ಕರು. ಪ್ರಿನ್ಸಿಪಾಲರು, "ನೋಡಿ ವಾಸಂತಿ, ಲೈಸೆನ್ಸ್ ಸಿಕ್ತು ನಿಮ್ಗೆ," ಅಂದರು. ನೀವು ಮಾತ್ರ ನಗಲಿಲ್ಲ. "ಮಕ್ಕಳ ಮೇಲೆ ನಾನು ಕೈ ಮಾಡೋಳಲ್ಲಮ್ಮ. ಈ ಸ್ಕೇಲು ಬೋರ್ಡಿಗೆ ಮಾತ್ರ," ಅಂದಿರಿ.

ನಿಮ್ಮ ಫೋನ್ ಬರುವ ಹಿಂದಿನ ದಿನ, ಗುರುವಾರ ಸಂಜೆ ನಡೆದದ್ದನ್ನು ಪೂರ್ತಿ ಬರೆಯುತ್ತೇನೆ. ಗಣಿತದ ಪೇಪರಿನ ತುಂಬ ಕೆಂಪು ಗೆರೆ. ಅದೇ ಮಧ್ಯಾಹ್ನ ಇವರು ಆಫೀಸಿನಿಂದ ಫೋನ್ ಮಾಡಿ, ಕೆಲಸದಿಂದ ತೆಗೆಯುವವರ ಪಟ್ಟಿ ಬರುವ ವಾರ ಬರುತ್ತದೆ ಎಂದಿದ್ದರು. ಕಾವಲಿಯ ಮೇಲೆ ದೋಸೆ ಹುಯ್ದು, "ಹದಿಮೂರು ಏಳ್ಲಿ?" ಎಂದೆ. ಪೆನ್ಸಿಲಿನ ತುದಿ ಕಚ್ಚಿದಳು. ಮತ್ತೆ ಕೇಳಿದೆ. "ಐ ಡೋಂಟ್ ನೋ," ಅಂದಳು. ಮೂರನೇ ಸಲ ಕೇಳಿದಾಗ ಪೆನ್ಸಿಲ್ ಎಸೆದಳು.

"ನಂಗೆ ಆ ಸ್ಕೂಲ್ ಬೇಡ. ಅದು ಸ್ಕೂಲೇ ಅಲ್ಲ. ಚೀಪ್ ಅಂತ ನೀನು ಚೂಸ್ ಮಾಡಿದ್ದು."

ಚೀಪ್ — ಆ ಮಾತು ಕೇಳಿದ್ದೊಂದು ನೆನಪಿದೆ. ಮೊದಲ ಏಟು ತೋಳಿಗೆ ಬಿತ್ತು. ಅವಳು ಊಟದ ಮೇಜಿನ ಕೆಳಗೆ ನುಗ್ಗಿದಳು. ಕಾಲು ಹಿಡಿದು ಹೊರಗೆಳೆದೆ. ಮಗುಚುವ ಕೈಯ ಉದ್ದದ ಕಬ್ಬಿಣದ ಹಿಡಿಯಿಂದ ಮತ್ತೆ ತೋಳಿಗೆ, ಬೆನ್ನಿಗೆ, ತೊಡೆಗೆ. ಕಾವಲಿಯ ಮೇಲೆ ದೋಸೆ ಸೀದು ಹೊಗೆಯ ಅಲಾರಂ ಕಿರುಚತೊಡಗಿತು. ಆ ಸದ್ದಿನಲ್ಲಿ ಮಗುವಿನ ಕೂಗು ನನಗೆ ಕೇಳಿಸಲಿಲ್ಲ ಎಂದು ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಕೇಳಿಸಿತ್ತು ಮಿಸ್. "ಅಮ್ಮಾ ಸಾರಿ, ಅಮ್ಮಾ ಸಾರಿ" ಎನ್ನುತ್ತಿದ್ದಳು. ಕೊನೆಯ ಏಟಿಗೆ ತಲೆ ತಿರುಗಿಸಿದಳು. ಹಿಡಿಯ ಚೂಪು ತುದಿ ಕಿವಿಯ ಹಿಂದೆ ಹೊಕ್ಕಿತು. ರಕ್ತ ನೋಡಿದ ಮೇಲೆಯೇ ನಾನು ನಿಲ್ಲಿಸಿದ್ದು.

ಐದು ಏಟು ಎಂದು ಇಲ್ಲಿ ಬರೆದಿದ್ದೆ. ಅನಘ ಓದಿ, ಐದನ್ನು ಹೊಡೆದುಹಾಕಿ ಏಳು ಎಂದು ತಿದ್ದಿದ್ದಾಳೆ. ಏಳೇ.

ಇವರು ಮನೆಗೆ ಬರುವಷ್ಟರಲ್ಲಿ ಅವಳಿಗೆ ಊಟ ಮಾಡಿಸಿ ಮಲಗಿಸಿದ್ದೆ. ದೇವರ ಮುಂದೆ ಕೂತು ಸ್ತೋತ್ರವನ್ನೂ ಹೇಳಿದ್ದೆ — ತಪ್ಪಿಲ್ಲದೆ, ಪೂರ್ತಿ.

ಇನ್ನು ಶುಕ್ರವಾರ. ಶಾಲೆಯಿಂದ ಇವರಿಗೂ ಫೋನ್ ಹೋಗಿತ್ತು, ಆದರೆ ಇವರಿಗಿಂತ ಮೊದಲು ನಾನೇ ಶಾಲೆ ಮುಟ್ಟಿದೆ. ನೀವು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಮೊಸರನ್ನ ತಿನ್ನಿಸುತ್ತಿದ್ದಿರಿ. ನಾನು ಬಂದೊಡನೆ ತಾಯಿ ಮಗಳ ನಡುವೆ ಇರಬಾರದೆಂದು ಎದ್ದು ಹೊರಗೆ ಹೋದಿರಿ. ಆ ಎರಡು ನಿಮಿಷದಲ್ಲಿ ಅವಳನ್ನು ತಬ್ಬಿಕೊಂಡು ಕಿವಿಯಲ್ಲಿ ಹೇಳಿದೆ: "ನಿಜ ಹೇಳಿದ್ರೆ ಪೊಲೀಸ್ ಬಂದು ಅಮ್ಮನ್ನ ಕರ್ಕೊಂಡ್ ಹೋಗ್ತಾರೆ. ಆಮೇಲೆ ನಿಂಗೆ ಅಮ್ಮ ಸಿಗಲ್ಲ." ಅವಳ ಮೈ ನನ್ನ ತೋಳಿನಲ್ಲಿ ಕೊರಡಿನಂತಾಯಿತು.

ಇವರು ಬಂದರು. ಪ್ರಿನ್ಸಿಪಾಲರ ಕೋಣೆಯಲ್ಲಿ ನಿಂತು ಅನಘಳ ತೋಳನ್ನು ಮೇಲಕ್ಕೆ ಸರಿಸಿ ನೋಡಿದರು. ನೇರವಾದ, ಸಣ್ಣನೆಯ, ನೀಲಿಗಟ್ಟಿದ ಗೆರೆಗಳು. ಮೇಜಿನ ಮೇಲೆ ನಿಮ್ಮ ಮರದ ಸ್ಕೇಲಿತ್ತು. "ಯಾರು?" ಎಂದರು. ಅನಘ ನನ್ನ ಮುಖ ನೋಡಿದಳು. ನಾನು ಸ್ಕೇಲನ್ನು ನೋಡಿದೆ. ಆಮೇಲೆ ನನ್ನ ಬಾಯಿಂದ ಬಂದದ್ದು, ಒಂದಕ್ಷರ ಬಿಡದೆ, ಇದು:

"ನಾನೇ ಹೇಳಿದ್ದೆ ಎರಡು ಬಿಡಿ ಅಂತ... ತಮಾಷೆಗೆ. ಮಿಸ್ ನಿಜ ಅಂದ್ಕೊಂಡ್ರೋ ಏನೋ."

ನೀವು ಹೊಡೆದಿರಿ ಎಂದು ನಾನು ಹೇಳಲೇ ಇಲ್ಲ — ಈ ಬೂಟಾಟಿಕೆಯ ಮೇಲೆ ನಾಲ್ಕು ವರ್ಷ ಬದುಕಿದ್ದೇನೆ. ಹಾಗೆ ಹೇಳಬೇಕಾಗಿಯೇ ಇರಲಿಲ್ಲ. ಸೇರಿಸುವ ದಿನ ನಾನು ಆಡಿದ್ದನ್ನು ಪ್ರಿನ್ಸಿಪಾಲರು ಕೇಳಿದ್ದರು, ಆ ಇಬ್ಬರು ತಾಯಂದಿರೂ ಕೇಳಿದ್ದರು. ನಾನೂ ಅಂಥದ್ದೇ ಮಾತು ಕೇಳಿ ಬೆಳೆದವಳು, ಅವರೂ ಕೇಳಿ ಬೆಳೆದವರು. ಮೇಷ್ಟರು ಹೊಡೆಯುತ್ತಾರೆ ಎನ್ನುವುದನ್ನು ನಮ್ಮಲ್ಲಿ ಯಾರೂ ಸಾಕ್ಷಿ ಕೇಳಿ ನಂಬುವುದಿಲ್ಲ.

ನೀವು ಮೊಣಕಾಲೂರಿ ಕೂತು, "ಅನಘಾ, ಹೆದರ್ಬೇಡ ಪುಟ್ಟಿ. ನಾನು ಹೊಡೆದ್ನಾ?" ಎಂದು ಕೇಳಿದಿರಿ.

ಅವಳು ತಲೆ ಆಡಿಸಿದಳು. ಹೌದೆಂದು.

ಇವರು ಸ್ಕೇಲನ್ನು ಮಂಡಿಗೆ ಬಡಿದು ಎರಡು ತುಂಡು ಮಾಡಿದರು. "ಮಗೂನ ದನಕ್ಕೆ ಬಡಿದ ಹಾಗೆ ಬಡೀತೀಯಾ?" — ಅಷ್ಟು ದಿನ ನಿಮ್ಮನ್ನು ಮೇಡಂ ಎನ್ನುತ್ತಿದ್ದವರು. ತುಂಡನ್ನು ಬೀಸಿದರು. ಅದು ನಿಮ್ಮ ಕನ್ನಡಕಕ್ಕೆ ಬಡಿದು, ಗಾಜು ಒಡೆದು ಹುಬ್ಬಿಗೆ ಹೊಕ್ಕಿತು. ನೀವು ಏಳಲು ಮೇಜು ಹಿಡಿದಿರಿ. ಇವರು ಮೇಜನ್ನೇ ನಿಮ್ಮ ಮೇಲೆ ತಳ್ಳಿದರು. ಗೋಡೆಗೂ ಮೇಜಿಗೂ ನಡುವೆ ನೀವು ಕುಸಿದಿರಿ. ಕಣ್ಣಿಗೆ ರಕ್ತ ಇಳಿಯುತ್ತಿತ್ತು. ಅನಘ ನಿಂತಲ್ಲೇ ಉಚ್ಚೆ ಮಾಡಿಕೊಂಡಳು. ನಾನು ಅವಳ ಕಣ್ಣು ಮುಚ್ಚಿದೆ. ನನ್ನ ಬಾಯಿ ತೆರೆಯಲಿಲ್ಲ.

ಪ್ರಿನ್ಸಿಪಾಲರು ಇವರ ಕೈ ಹಿಡಿದುಕೊಂಡು, "ಸರ್, ಸರ್, ಪೊಲೀಸು ಗಿಲೀಸು ಬೇಡ. ಎಲ್ರದ್ದೂ ವೀಸಾ ಪ್ರಶ್ನೆ ಇದೆ. ನಮ್ಮನಮ್ಮಲ್ಲೇ ಮುಗಿಸೋಣ," ಅಂದರು. ಮುಗಿಸಿದರು. ಯಾರೂ ಮಗುವನ್ನು ಬೇರೆ ಕರೆದು ಕೇಳಲಿಲ್ಲ. ಯಾರೂ ಆ ಗೆರೆಗಳನ್ನು ಸ್ಕೇಲಿನ ಅಗಲಕ್ಕೆ ಹಿಡಿದು ನೋಡಲಿಲ್ಲ. ಸೋಮವಾರದಿಂದ ನೀವು ಶಾಲೆಯಲ್ಲಿರಲಿಲ್ಲ. ತಾಯಂದಿರ ವಾಟ್ಸಾಪ್ ಗುಂಪಿನಲ್ಲಿ ಒಬ್ಬಳು "ಫೀಸು ಕಮ್ಮಿ, ಏಟು ಫ್ರೀ" ಎಂದು ಬರೆದಳು. ಇನ್ನೊಬ್ಬಳು, "ನೋಡೋಕೆ ಎಷ್ಟು ಸಾಧು, ಥೂ" ಎಂದಳು. ನಾನು ಕೈಮುಗಿಯುವ ಚಿತ್ರ ಹಾಕಿದೆ. ಆ ಸಂಜೆ ದೇವರಿಗೆ ತುಪ್ಪದ ದೀಪ ಹಚ್ಚಿದೆ. ಪೊಲೀಸರು ಬರಲಿಲ್ಲ. ಪಟ್ಟಿಯಲ್ಲಿ ಇವರ ಹೆಸರಿರಲಿಲ್ಲ. ಅನಘಳ ಗಾಯಕ್ಕೆ ಹೊಲಿಗೆ ಬೇಕಾಗಲಿಲ್ಲ. ಒಂದೊಂದನ್ನೂ ಹೆಸರಿಟ್ಟು ದೇವಿಗೆ ವಂದಿಸಿದೆ. ನಿಮ್ಮ ಹುಬ್ಬು ನನಗೆ ನೆನಪಾಗಲಿಲ್ಲ.

ಅನಘ ಎದುರಿನ ಶಾಲೆಗೇ ವಾಪಸ್ಸು ಹೋದಳು. ಆಮೇಲೆ ನಾನು ಅವಳನ್ನು ಹೊಡೆಯಲಿಲ್ಲ ಎಂದು ಬರೆಯುವ ಆಸೆಯಿದೆ. ಎರಡು ಸಲ ಹೊಡೆದಿದ್ದೇನೆ.

ಹೋದ ಶನಿವಾರ ದೂರದ ಬ್ಯಾಲಂಟೈನ್‌ನಲ್ಲಿ ಇವರ ಸ್ನೇಹಿತರ ಗೃಹಪ್ರವೇಶಕ್ಕೆ ಬಂದಿದ್ದೆವು. ನೀವು ನಿಮ್ಮ ಅಕ್ಕನ ಮನೆ ಸೇರಿ ಅಲ್ಲೇ ಇದ್ದೀರೆಂದು ನನಗೆ ಗೊತ್ತಿರಲಿಲ್ಲ. ಪಂಕ್ತಿಯಲ್ಲಿ ಕೋಸಂಬರಿ ಬಡಿಸುತ್ತ ಬಂದಿರಿ. ಹುಬ್ಬಿನಲ್ಲಿ ಕೂದಲಿಲ್ಲದ ಒಂದು ಬಿಳಿ ಗೆರೆ. ಅನಘಳನ್ನು ಗುರುತು ಹಿಡಿದಿರಿ. "ಎಷ್ಟು ಎತ್ತರ ಆಗಿದೀಯಾ ಪುಟ್ಟಿ!" ಎಂದು ತಲೆ ಸವರಲು ಕೈ ಎತ್ತಿದಿರಿ. ಅಷ್ಟರಲ್ಲಿ ನನ್ನನ್ನು ಕಂಡಿರಿ. ಬಟ್ಟಲನ್ನು ಕೆಳಗಿಟ್ಟು, ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತಿರಿ. ನನಗೆ ಕಾಣುವಂತೆ, ನಿಮ್ಮ ಕೈ ಮಗುವಿಗೆ ತಾಗಿಲ್ಲ ಎಂದು ನನಗೆ ಖಾತ್ರಿ ಕೊಡುವಂತೆ. ನೀವು ಉಗಿದಿದ್ದರೆ ನಾನು ಒರೆಸಿಕೊಂಡು ಬಂದುಬಿಡುತ್ತಿದ್ದೆ.

ದಾರಿಯಲ್ಲಿ ಅನಘ ಹಿಂದಿನ ಸೀಟಿನಿಂದ, "ಅಮ್ಮಾ, ನೀನು ಹೇಳ್ತೀಯಾ, ನಾನು ಹೇಳ್ಲಾ?" ಎಂದಳು.

"ಏನು?" ಎಂದರು ಇವರು.

ನಾನು ಹೇಳಿದೆ. ಗಂಟೆಗೆ ಎಪ್ಪತ್ತು ಮೈಲಿಯಲ್ಲಿ ಹೋಗುತ್ತಿದ್ದ ಕಾರನ್ನು ಅಂಚಿಗೆ ಎಳೆದು ನಿಲ್ಲಿಸಿದರು. ಲಾರಿಗಳು ಹಾದುಹೋದಾಗ ಕಾರೇ ನಡುಗುತ್ತಿತ್ತು. "ಹಾಗಾದ್ರೆ ಅವತ್ತು ನಾನು ಯಾರನ್ನ ಹೊಡೆದೆ?" ಎಂದರು. ಆಮೇಲೆ ಸ್ಟಿಯರಿಂಗ್‌ಗೆ ಮುಷ್ಟಿಯಿಂದ ಗುದ್ದತೊಡಗಿದರು — ಗುದ್ದಿದಷ್ಟೂ ಸಲ ಹಾರ್ನ್ ಕೂಗಿತು. ಬೆರಳ ಗೆಣ್ಣು ಒಡೆದು ರಕ್ತ ಬಂದ ಮೇಲೆ ಅನಘ ಹಿಂದಿನಿಂದ ಕೈ ಚಾಚಿ ಅವರ ಮಣಿಕಟ್ಟು ಹಿಡಿದಳು. ನನ್ನ ಕಡೆಗೆ ಯಾರೂ ತಿರುಗಲಿಲ್ಲ. ಈವರೆಗೂ ಇವರು ನನ್ನೊಡನೆ ಮಾತಾಡಿಲ್ಲ. ನಿಮ್ಮ ಬಾಗಿಲಿಗೆ ತಾವೇ ಬಂದು ನಿಲ್ಲುವುದಾಗಿ ಅನಘಳ ಹತ್ತಿರ ಹೇಳಿದ್ದಾರೆ. ಒಳಗೆ ಬಿಡುವುದು, ಬಿಡದಿರುವುದು ನಿಮಗೆ ಸೇರಿದ್ದು.

ನನ್ನಮ್ಮ ಹೊಡೆಯುತ್ತಿದ್ದಳು, ಕೆಲಸ ಹೋಗುವ ಭಯವಿತ್ತು, ಹೊರದೇಶ — ಇವನ್ನೆಲ್ಲ ಮೊದಲ ಪ್ರತಿಯಲ್ಲಿ ಕಾರಣಗಳೆಂದು ಬರೆದಿದ್ದೆ. ತೆಗೆದುಹಾಕಿದ್ದೇನೆ. ನಿಮಗೂ ಅವೆಲ್ಲ ಇದ್ದವು, ನೀವು ಕೈ ಎತ್ತಲಿಲ್ಲ.

ಇದರ ಒಂದು ಪ್ರತಿ ಪ್ರಿನ್ಸಿಪಾಲರಿಗೆ ಹೋಗುತ್ತದೆ. ಇನ್ನೊಂದನ್ನು ಫೋಟೋ ತೆಗೆದು ಇವತ್ತೇ ಆ ತಾಯಂದಿರ ಗುಂಪಿಗೆ ಹಾಕುತ್ತೇನೆ, ಕೈಮುಗಿಯುವ ಚಿತ್ರವಿಲ್ಲದೆ. ಓದಿದವರಲ್ಲಿ ಯಾರಾದರೂ ಕೌಂಟಿಯ ಮಕ್ಕಳ ರಕ್ಷಣೆ ಇಲಾಖೆಗೆ ದೂರು ಕೊಟ್ಟು ಅವರು ಬಂದರೆ ಬಾಗಿಲು ತೆಗೆಯುತ್ತೇನೆ. ಅನಘಳನ್ನು ಬೇರೆ ಕೂರಿಸಿ ಕೇಳಿದರೆ ನಾನು ಹೊರಗಿರುತ್ತೇನೆ. ಅವಳಿಗೆ ಇಷ್ಟು ಮಾತ್ರ ಹೇಳಿದ್ದೇನೆ — ಅವತ್ತು ನೀನು ತಲೆ ಆಡಿಸಿದ್ದು ನಿನ್ನ ತಪ್ಪಲ್ಲ, ಆ ತಲೆಯನ್ನು ಆಡಿಸಿದವಳು ನಾನು. ನಂಬಿದಳೋ ಇಲ್ಲವೋ ತಿಳಿಯದು.

ನಿಮ್ಮ ಕ್ಷಮೆ ಕೇಳುವುದಿಲ್ಲ ಮಿಸ್. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ ಎಂಬ ಹೆದರಿಕೆ.

ಕವರಿನ ಮೇಲೆ ವಿಳಾಸವನ್ನು ಅನಘಳೇ ಬರೆದಳು. ಡ್ರೈಯರ್ ನಿಂತು ಬಹಳ ಹೊತ್ತಾಯಿತು. ಬಟ್ಟೆ ಮಡಿಸಬೇಕು.