ಕಪ್ಪು ಪರದೆಯೊಳಗಿನ ಗಿರಾಕಿಗಳು

ಮೂರು ವರ್ಷಗಳ ಹಿಂದಿನ ಮಾತು. ನಾನಾಗ ಮುಂಬಯಿಯ ಕಾಂದಿವಲಿಯ ಒಂದು ಮೊಬೈಲ್ ಸರ್ವಿಸ್ ಸೆಂಟರಿನಲ್ಲಿ ಹಿರಿಯ ಟೆಕ್ನಿಷಿಯನ್ ಆಗಿದ್ದೆ.

ಎಳ್ಳಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ ಶಟರ್ ಎತ್ತುತ್ತಿದ್ದಂತೆ ಕಾಶವ್ವ ಬಂದರು. ವಿಜಯಪುರ ಕಡೆಯವರು. ಬಹಳ ವರ್ಷ ಬಿಲ್ಡಿಂಗ್ ಕೆಲಸದಲ್ಲಿ ಇಟ್ಟಿಗೆ ಹೊತ್ತು, ಆ ವರ್ಷವಷ್ಟೇ ಅದನ್ನು ಬಿಟ್ಟು ಮನೆಯಲ್ಲಿ ರೊಟ್ಟಿ ಮಾಡಿ ಮಾರತೊಡಗಿದ್ದರು. ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿಗೆ ಮೊದಲ ಸಲ ಕೈತುಂಬ ಆರ್ಡರ್ ಬಂದಿತ್ತು. ಎಲ್ಲವೂ ವಾಟ್ಸಾಪಿನ ಧ್ವನಿ ಸಂದೇಶಗಳು. ಫೋನನ್ನು ಹಿಟ್ಟಿನ ಡಬ್ಬಿಗೆ ಒರಗಿಸಿ, ಅವನ್ನು ಕೇಳುತ್ತಲೇ ರೊಟ್ಟಿ ಬಡಿಯುವುದು ಅವರ ರೂಢಿ. ಬಡಿತಕ್ಕೆ ಕಟ್ಟೆ ಅದುರಿ, ಫೋನು ಜಾರಿ ನೆಲಕ್ಕೆ ಬಿದ್ದಿತ್ತು. ಪರದೆ ಪೂರ್ತಿ ಕಪ್ಪು.

"ಕನ್ನಡಿ ಒಡದ್ರ ಒಡೀಲಿ ಯಣ್ಣಾ, ಇದರ ಹೊಟ್ಟ್ಯಾಗ ನನ್ನ ಗಿರಾಕಿ ಎಲ್ಲಾ ಕುಂತಾರ. ರೊಟ್ಟಿ ಕಟ್ಟಿ ಇಟ್ಟೀನಿ, ಯಾರಿಗೆ ಎಷ್ಟು, ಎಲ್ಲಿಗೆ, ಒಂದೂ ಗೊತ್ತಿಲ್ಲ. ಇದು ತಪ್ಪಿದ್ರ ಮತ್ತ ಇಟ್ಟಂಗಿ ಹೊರೂದ."

ಹೆಸರುಗಳಾದರೂ ನೆನಪಿವೆಯೇ ಎಂದು ಕೇಳಿದೆ.

"ಹೆಸರು ಯಾರ ಕೇಳ್ಯಾರ್ರೀ? ಗಿರಾಕಿ ಅಂದ್ರ ದೊಡ್ಡವರು. ಹೆಸರ ಹಿಡದು ಕೇಳಿದ್ರ ಚಂದ ಕಾಣತೈತೇನು?"

ಆ ಮಾಡೆಲಿನ ಡಿಸ್‌ಪ್ಲೇ ಬರಲು ಎರಡು ದಿನ ಬೇಕಿತ್ತು. ಆದರೆ ಫೋನು ಸತ್ತಿರಲಿಲ್ಲ. ಕಪ್ಪು ಪರದೆಯನ್ನು ಒತ್ತಿದರೆ ಟಕ್ ಎನ್ನುತ್ತಿತ್ತು, ಅಂದರೆ ಟಚ್ ಕೆಲಸ ಮಾಡುತ್ತಿತ್ತು. ಹಾಗಾದರೆ ಒಂದು ದಾರಿ ಇತ್ತು, ಸ್ಕ್ರೀನ್ ಮಿರರಿಂಗ್. ಕೇಬಲ್ ಹಾಕಿದರೆ ಫೋನಿನ ಪರದೆ ಕಂಪ್ಯೂಟರಿನಲ್ಲಿ ಮೂಡುತ್ತದೆ, ಮೌಸಿನಿಂದ ಅದನ್ನು ನಡೆಸಬಹುದು. ತೊಡಕು ಇಷ್ಟೇ: ಅದಕ್ಕೆ ಮೊದಲು ಫೋನಿನ ಸೆಟ್ಟಿಂಗ್ಸ್‌ನಲ್ಲಿ ಯುಎಸ್‌ಬಿ ಡಿಬಗ್ಗಿಂಗ್ ಎಂಬ ಅನುಮತಿ ಕೊಡಬೇಕು. ಕಾಣದ ಪರದೆಯಲ್ಲಿ ಗುಂಡಿ ಎಲ್ಲಿದೆಯೆಂದು ಹುಡುಕುವುದು ಹೇಗೆ?

ಆಗ ಪರದೆಗೆ ಟೆಂಪರ್ಡ್ ಗ್ಲಾಸ್ ಹಾಕಿಸಲು ವಾರಿಜಕ್ಕ ಎಂಬವರು ಬಂದರು. ಉಡುಪಿ ಕಡೆಯವರು, ನಮ್ಮ ಹಳೆಯ ಗ್ರಾಹಕರು. ಅವರ ಕೈಯಲ್ಲಿದ್ದದ್ದು ಅದೇ ಮಾಡೆಲ್. ಸ್ವಲ್ಪ ಹೊತ್ತು ಕೊಡುತ್ತೀರಾ ಎಂದೆ.

"ಎಂತ ಮಾರಾಯ್ರೆ, ಅವರದ್ದು ರಿಪೇರಿ ಮಾಡ್ಲಿಕ್ಕೆ ಹೋಗಿ ನನ್ನದನ್ನೂ ಮಲಗಿಸ್ಬೇಡಿ ಹಾಂ!" ಎನ್ನುತ್ತಲೇ ಕೊಟ್ಟರು.

ಎರಡನ್ನೂ ಅಕ್ಕಪಕ್ಕ ಇಟ್ಟೆ. ಲಾಕ್ ಪ್ಯಾಟರ್ನನ್ನು ಕಾಶವ್ವನ ಬೆರಳು ಕಣ್ಣಿಲ್ಲದೆಯೇ ಎಳೆಯಿತು. ಮುಂದಿನ ಪ್ರತಿ ಹೆಜ್ಜೆಯನ್ನೂ ವಾರಿಜಕ್ಕನ ಫೋನಿನಲ್ಲಿ ಮಾಡಿ, ಗುಂಡಿಯ ಜಾಗ ನೋಡಿ, ಕಪ್ಪು ಪರದೆಯ ಅದೇ ಜಾಗದಲ್ಲಿ ಒತ್ತಿದೆ. ಮೊದಲ ಪ್ರಯತ್ನದಲ್ಲಿ ಕ್ಯಾಮೆರಾ ತೆರೆದುಕೊಂಡಿತೆಂದು ಸದ್ದಿನಿಂದ ತಿಳಿಯಿತು. ಎರಡನೆಯದರಲ್ಲಿ ಯಾರಿಗೋ ಕರೆ ಹೋಯಿತು.

"ಯಾರಿಗ್ ಹೋತ್ರೀ ಅದು?"

"ಎತ್ತಿದ್ರೆ ಗೊತ್ತಾಗ್ತದೆ," ಎಂದರು ವಾರಿಜಕ್ಕ. ಯಾರೂ ಎತ್ತಲಿಲ್ಲ.

ಮೂರನೆಯ ಸಲ ಮಾನಿಟರ್ ಬೆಳಗಿತು. ಒಡೆದ ಫೋನಿನ ಒಳಮನೆ ಅಂಗೈಯಗಲದಿಂದ ಗೋಡೆಗಡಿಯಾರದಷ್ಟು ದೊಡ್ಡದಾಗಿ ಕಂಡಿತು. ಕಾಶವ್ವ ಕೈಮುಗಿದರು. ವಾಟ್ಸಾಪ್ ತೆರೆದೆ. ಹೆಸರಿನ ಬದಲು ಕಾಶವ್ವ ಫೋನಿಗೆ ಬಾಯಲ್ಲೇ ಹೇಳಿ ಸೇವ್ ಮಾಡಿದ ಗುರುತುಗಳು ಸಾಲಾಗಿ ನಿಂತಿದ್ದವು: 'ಕಡಕ್ ರೊಟ್ಟಿ ಮಾಸ್ತರು', 'ಲಿಫ್ಟ್ ಇಲ್ಲದ ಬಿಲ್ಡಿಂಗ್', 'ನಾಯಿ ಮನಿ', 'ಎರಡು ಪುಕ್ಕಟೆ ಕೇಳೋ ಅಕ್ಕಾರು'. ಕೊನೆಯದಕ್ಕೆ ವಾರಿಜಕ್ಕ ಗಟ್ಟಿಯಾಗಿ ನಕ್ಕರು. ನಾನು ಅದನ್ನೇ ಒತ್ತಿದೆ.

"ಕಳೆದ ಸಲ ಎರಡು ತುಂಡಾಗಿತ್ತು ಮಾರಾಯ್ತಿ, ಈ ಸಲ ಎರಡು ಹೆಚ್ಚು ಹಾಕು. ಮೊನ್ನೆಯ ಹಾಗೆ ವಾಚ್‌ಮನ್ ಹತ್ರ ಕೊಡು."

ಅಂಗಡಿಯಲ್ಲಿದ್ದವರೆಲ್ಲ ವಾರಿಜಕ್ಕನ ಕಡೆ ತಿರುಗಿದರು. ದನಿ ಅವರದೇ. ರೊಟ್ಟಿ ಸದಾ ವಾಚ್‌ಮನ್ ಕೈಗೆ ತಲುಪುತ್ತಿದ್ದುದರಿಂದ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಕಾಶವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. "ಅಯ್ಯ ನಮ್ಮವ್ವಾ! ನೀವ ಏನ್ರೀ ಅವ್ರು?"

"ನಾನೇ ಮಾರಾಯ್ತಿ! ಆದ್ರೆ ಎರಡು ತುಂಡಾಗಿದ್ದದ್ದು ಹೌದೋ ಅಲ್ವೋ, ಅದನ್ನು ಹೇಳು ಮೊದಲು."

"ಆಗಿದ್ವು ಬಿಡ್ರೀ. ವಾಚ್‌ಮನ್ ಅದರ ಮ್ಯಾಲ ಕುಂತಿದ್ದ."

ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು. ಇನ್ನೊಂದು ಪ್ರಶ್ನೆ ಉಳಿದಿತ್ತು. ಸಂದೇಶಗಳು ಕಂಪ್ಯೂಟರಿನಲ್ಲಿ ಕಂಡರಾಯಿತೇ? ಕಾಶವ್ವ ಹೋಗಬೇಕಾದದ್ದು ಮನೆಮನೆಗೆ. ಅವರ ಒಪ್ಪಿಗೆ ಪಡೆದು ಎಲ್ಲ ಸಂದೇಶಗಳನ್ನೂ ಗುರುತುಗಳ ಸಮೇತ ವಾರಿಜಕ್ಕನ ಫೋನಿಗೆ ಕಳಿಸಿದೆ.

"ನನ್ನ ಫೋನ್ ಹೋದಲ್ಲಿ ನಾನೂ ಹೋಗ್ಬೇಕಲ್ಲ," ಎಂದು ವಾರಿಜಕ್ಕ ಎದ್ದರು. "ನಡಿ, ರಿಕ್ಷಾ ಹಿಡಿಯುವ."

ಟೆಂಪರ್ಡ್ ಗ್ಲಾಸಿನ ಮಾತು ಅವರಿಗೂ ನನಗೂ ಮರೆತೇ ಹೋಗಿತ್ತು.

ಸಂಜೆ ಇಬ್ಬರೂ ಬೆವರಿಳಿಸುತ್ತ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ ಅಂಗಡಿಗೆ ಬಂದರು. ಲಿಫ್ಟ್ ಇಲ್ಲದ ಬಿಲ್ಡಿಂಗನ್ನು ಯಾರು ಹತ್ತಿದ್ದು ಎಂಬುದೇ ಜಗಳದ ವಿಷಯ. "ಒಂದೂ ಉಳೀಲಿಲ್ಲ ಯಣ್ಣಾ," ಎಂದರು ಕಾಶವ್ವ. "ಸಂಕ್ರಾಂತಿಗೂ ಹೇಳ್ಯಾರ."

ಅಲ್ಲಿಯವರೆಗೆ ಕೌಂಟರಿಗೆ ಬಂದವರಿಗೆ ನನ್ನ ಮೊದಲ ಪ್ರಶ್ನೆ, ಫೋನಿಗೆ ಏನಾಯಿತು ಎಂಬುದಾಗಿತ್ತು. ಈಗ ಕೇಳುವುದು, ಇವತ್ತು ಅದರಿಂದ ನಿಮಗೆ ಏನಾಗಬೇಕು ಎಂದು. ಎಷ್ಟೋ ಸಲ ಉತ್ತರದಲ್ಲಿ ಡಿಸ್‌ಪ್ಲೇಯ ಮಾತೇ ಇರುವುದಿಲ್ಲ.