ಪಿಸುಮಾತಿನಣ್ಣ
“ಪಿಸುಮಾತಿನಣ್ಣ ಉಪ್ಪು ಕೇಳಿದ್ರೂ ಎಲ್ಲೋ ಕೊಲೆಯಾಗಿದೆ ಅನ್ಸುತ್ತೆ ಕಣ್ರೀ” ಎಂದು ನೆರೆಯವರು ನಗುತ್ತಿದ್ದರು. ನಾಟಕದ ಪರದೆಯ ಮರೆಗೆ ನಿಂತು, ನಟರು ಮರೆತ ಮಾತನ್ನು ಮೆಲ್ಲಗೆ ಎತ್ತಿಕೊಡುವುದೇ ಮೂವತ್ತು ವರ್ಷದಿಂದ ಅವನ ಕೆಲಸ. ಮನೆಯಲ್ಲೂ ಅದೇ ಚಾಳಿ. ಹೆಂಡತಿ ಬೈಯುತ್ತಾ ಪದ ಸಿಗದೆ ನಿಂತರೆ, “ದಂಡಪಿಂಡ” ಎಂದು ತಾನೇ ಎತ್ತಿಕೊಡುತ್ತಿದ್ದ. ಬಾಗಿಲು ಬಡಿದರೆ ಮೊದಲು ಅಡುಗೆಮನೆ ಸೇರುವ ಪುಕ್ಕಲ ಬೇರೆ. ಹೊಸ ನಾಟಕದ ಒಂದು ಮಾತನ್ನು ಅಧಿಕಾರಿಗಳು ಹೊಡೆದುಹಾಕಿದ ಮೇಲಂತೂ ಅವನು ಹಗಲಲ್ಲೂ ಬಾಗಿಲಿಗೆ ಚಿಲಕ ಹಾಕಿಕೊಂಡೇ ಕೂರುತ್ತಿದ್ದ. “ದೊರೆಯೇ, ಕೆರೆ ನಿಮ್ಮದಾದರೆ ನಮ್ಮ ಬಾಯಾರಿಕೆ ಯಾರದು?” ಎಂಬ ಮಾತದು. “ಅದನ್ನ ಆಡಿದವರನ್ನ ಎಳ್ಕೊಂಡು ಹೋಗ್ತಾರಂತೆ, ನೀವು ಬಾಯಿ ಬಿಡಬೇಡಿ” ಎಂದು ಹೆಂಡತಿ ಆಣೆ ಮಾಡಿಸಿಕೊಂಡಿದ್ದಳು. ಆಟದ ದಿನ ಆ ಜಾಗಕ್ಕೆ ಬಂದ ನಟ ಹೆದರಿ ಸುಮ್ಮನೆ ನಿಂತುಬಿಟ್ಟ. ಮೌನ ಕಂಡರೆ ಎತ್ತಿಕೊಡುವ ಬಾಯಿ ತಡೆಯಲಿಲ್ಲ. ಪಿಸುಮಾತಿನಣ್ಣ ಆ ಮಾತನ್ನು ಕೊನೆಯ ಸಾಲಿಗೂ ಕೇಳುವಂತೆ ಕೂಗಿದ. ಮರುದಿನ ಬೆಳಿಗ್ಗೆ ಇಬ್ಬರು ಪೊಲೀಸರ ನಡುವೆ ಮನೆಯ ಮೆಟ್ಟಿಲಿಳಿದವನು ಮತ್ತೆ ಅದನ್ನು ಹತ್ತಲಿಲ್ಲ. ಇಳಿಯುವಾಗ “ಹೋಗಿ...” ಎಂದವನಿಗೆ ಮುಂದೆ ಮಾತೇ ಹೊರಡಲಿಲ್ಲ, “ಬರ್ತೀನಿ” ಎಂದು ಹೆಂಡತಿಯೇ ಮೆಲ್ಲಗೆ ಎತ್ತಿಕೊಟ್ಟಳು.