ಕೆಳಗಿನ ಬಲಮೂಲೆಯ ಸಹಿ

ನಾನು ಪೇಂಟರ್. ಬರೀ ಪೇಂಟರ್ ಅಂದರೆ ಗೋಡೆಗೆ ಸುಣ್ಣ ಹೊಡೆಯುವವನು ಅಂದುಕೊಂಡೀರಿ, ಅದಕ್ಕೇ ಮೊದಲೇ ಹೇಳಿಬಿಡುತ್ತೇನೆ: ಅಕ್ಷರ ಬರೆಯುವ ಪೇಂಟರ್. ಗದಗಿನಲ್ಲಿದ್ದಾಗ ಕಿರಾಣಿ ಅಂಗಡಿಯಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ನನ್ನ ಕುಂಚ ಮುಟ್ಟದ ಬೋರ್ಡು ಇರಲಿಲ್ಲ. ಆಮೇಲೆ ಫ್ಲೆಕ್ಸ್ ಬಂತು. ಹೊಟ್ಟೆಪಾಡಿಗೆ ಗೋವಾಕ್ಕೆ ಬಂದೆ, ನನ್ನ ಬೆನ್ನ ಹಿಂದೆಯೇ ಎಲ್‌ಇಡಿ ಬಂತು. ಈಗ ಮಡಗಾಂವಿಗೆ ಹತ್ತಿರದ ಒಂದು ಊರಿನಲ್ಲಿದ್ದೇನೆ. ಊರಿನ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ನನ್ನದೊಂದು ಗೋಡೆ ಹೋಗುತ್ತದೆ.

ಇಲ್ಲಿ ನನಗೆ ಸಿಕ್ಕ ಕೆಲಸ ಯಾವುದು ಗೊತ್ತೇ? ಆ ಎಲ್‌ಇಡಿ ಬೋರ್ಡುಗಳನ್ನು ಒರೆಸುವುದು! ನನ್ನ ಅನ್ನ ಕಸಿದುಕೊಂಡ ಪೆಟ್ಟಿಗೆಯ ಮುಖವನ್ನು ನಾನೇ ಏಣಿ ಹತ್ತಿ, ಮೆತ್ತನೆಯ ಬಟ್ಟೆಯಿಂದ, ಗೀರು ಬೀಳದ ಹಾಗೆ ಒರೆಸಬೇಕು. ಜಾಹೀರಾತು ಕಂಪನಿಯ ಸೇಠ್ ಕೆಳಗೆ ನಿಂತು, "ಧೀರೇ ಧೀರೇ", ಮೆಲ್ಲಗೆ ಮೆಲ್ಲಗೆ, ಎನ್ನುತ್ತಿದ್ದ. ನಾಲ್ಕು ವರ್ಷ ಒರೆಸಿದರೂ ಅವನಿಗೆ ನನ್ನ ಹೆಸರು ಗೊತ್ತಿರಲಿಲ್ಲ, ನಂಬರೂ ಗೊತ್ತಿರಲಿಲ್ಲ. ಕೆಲಸ ಹೇಳುತ್ತಿದ್ದದ್ದು ಅವನ ಮ್ಯಾನೇಜರ್. ನಾನೂ ಸೇಠ್ ಎದುರು "ಹಾಂಜಿ" ಬಿಟ್ಟು ಬೇರೆ ಮಾತು ಆಡಿದವನಲ್ಲ.

ಅದನ್ನೆಲ್ಲ ನುಂಗಿಕೊಂಡಿದ್ದೆ. ನುಂಗಲಾಗದ ಮಾತು ಬಂದದ್ದು ನಾಲ್ಕನೆಯ ತರಗತಿಯಲ್ಲಿ ಓದುವ ನನ್ನ ಮಗಳ ಬಾಯಿಂದ. ಶಾಲೆಯಲ್ಲಿ ಟೀಚರು, ನಿಮ್ಮಪ್ಪ ಏನು ಮಾಡುತ್ತಾರೆ ಎಂದು ಎಲ್ಲರನ್ನೂ ಕೇಳಿದರಂತೆ. ಇವಳು ಎದ್ದು ನಿಂತು, ನಮ್ಮಪ್ಪ ದೊಡ್ಡ ಟಿವಿ ಒರೆಸುತ್ತಾನೆ ಎಂದಳಂತೆ. ಮನೆಗೆ ಬಂದು ಅದನ್ನು ದೊಡ್ಡ ಬಹುಮಾನ ಗೆದ್ದವಳ ಹಾಗೆ ಹೇಳಿದಳು.

"ಲೇ ಹುಚ್ಚಿ, ನಾ ಪೇಂಟರ್ ಅದೀನಿ!"

"ಎಲ್ಲಿ? ಒಂದರ ಬೋರ್ಡ್ ತೋರ್ಸು ನೋಡೂಣು."

ತೋರಿಸಲು ಈ ಊರಿನಲ್ಲಿ ನನ್ನ ಕೈಯ ಒಂದಕ್ಷರವೂ ಇರಲಿಲ್ಲ. ಒಂದೇ ಒಂದು ಬೋರ್ಡು, ಅವಳು ದಿನಾ ನೋಡುವ ಜಾಗದಲ್ಲಿ, ಕೆಳಗಿನ ಬಲಮೂಲೆಯಲ್ಲಿ ನನ್ನ ಸಹಿ. ಅಷ್ಟು ಸಿಕ್ಕರೆ ಸಾಕಿತ್ತು ನನಗೆ. ಈ ಸಹಿ ನಮ್ಮ ಕಡೆಯ ಪೇಂಟರುಗಳ ಪದ್ಧತಿ. ಬೋರ್ಡು ಯಾರದ್ದೇ ಇರಲಿ, ಬಲಮೂಲೆಯಲ್ಲಿ ಪೇಂಟರನ ಹೆಸರು, ಅದರ ಕೆಳಗೆ ಫೋನ್ ನಂಬರು. ಸಹಿ ಹಾಕದೆ ಇಳಿದರೆ ನನ್ನ ಗುರು ಬೈದು ಮತ್ತೆ ಏಣಿ ಹತ್ತಿಸುತ್ತಿದ್ದರು.

ಹೀಗಿರುವಾಗ ಒಂದು ದಿನ ಸರ್ಕಲ್ಲಿನಲ್ಲಿ ಒಬ್ಬ ಸ್ಕೂಟರಿನವನು, ಎಲ್‌ಇಡಿ ಬೋರ್ಡಿನ ಮೇಲೆ ಮಸಾಲೆ ದೋಸೆ ಮಗುಚಿಕೊಳ್ಳುವುದನ್ನು ನೋಡುತ್ತ ನೋಡುತ್ತ ಹೋಗಿ ಎಳನೀರಿನ ಗಾಡಿಗೆ ನುಗ್ಗಿದ. ಅವನಿಗೇನೂ ಆಗಲಿಲ್ಲ, ಎಳನೀರಿಗೆ ಆಯಿತು. ಪುರಸಭೆಯವರು ಕೂತು ಮಾತಾಡಿ, ಹೊಸ ನಿಯಮ ಬರುವವರೆಗೆ ಊರಿನ ಎಲ್ಲ ಎಲೆಕ್ಟ್ರಾನಿಕ್ ಬೋರ್ಡುಗಳೂ ತಾತ್ಕಾಲಿಕವಾಗಿ ಬಂದ್ ಎಂದರು. ಸರಿ, ಅದನ್ನು ಊರಿಗೆ ತಿಳಿಸುವುದು ಹೇಗೆ? ಏನೇ ತಿಳಿಸುವುದಿದ್ದರೂ ಅವರು ತಮ್ಮ ಎಲೆಕ್ಟ್ರಾನಿಕ್ ಬೋರ್ಡಿನಲ್ಲಿ ತಿಳಿಸುತ್ತಿದ್ದರು. ಈಗ ಅದೂ ಬಂದ್!

ಗೋಡೆಯ ಮೇಲೆ ಬರೆಯುವವರು ಯಾರಾದರೂ ಇದ್ದಾರೆಯೇ ಎಂದು ಪುರಸಭೆಯ ಸಾಹೇಬರು ಹುಡುಕುತ್ತಿದ್ದಾಗ ನಾನು ಸರ್ಕಲ್ಲಿನ ಬೋರ್ಡಿಗೆ ತಾಡಪತ್ರಿ ಹೊದಿಸುತ್ತಿದ್ದೆ. ಏಣಿಯ ಮೇಲಿಂದಲೇ ಕೈ ಎತ್ತಿದೆ. ಸಿಕ್ಕಿತು ನೋಡಿ ಗೋಡೆ! ಮಾರ್ಕೆಟ್ಟಿನ ಉದ್ದ ಗೋಡೆ, ಮಗಳು ಶಾಲೆಗೆ ಹೋಗುವ ದಾರಿಯಲ್ಲೇ. ಮೊದಲ ಗೆರೆ ಒರೆಸಿ ಮತ್ತೆ ಎಳೆದೆ, ಎರಡನೆಯದು ನೆಟ್ಟಗೆ ಬಂತು. ಮೇಲೆ ದೇವನಾಗರಿ, ಕೆಳಗೆ ಇಂಗ್ಲಿಷು, ಕೊನೆಯ ಸಾಲಿನಲ್ಲಿ "ಆದೇಶದ ಮೇರೆಗೆ" ಎಂದು. ಅದರ ಕೆಳಗೆ, ಬಲಮೂಲೆಯಲ್ಲಿ, ಪದ್ಧತಿಯಂತೆ ನನ್ನ ಹೆಸರು, ನನ್ನ ನಂಬರು.

ಮರುದಿನ ಮಗಳು ಶಾಲೆಯಿಂದ ಬಂದು ತೀರ್ಪು ಕೊಟ್ಟಳು.

"ಅದು ಪ್ರಿಂಟ್ ಐತಿ. ಮಷಿನ್ ಮಾಡೇತಿ."

"ನಾ ಬರದೀನಿ! ಕೈಲೆ!"

"ಅಷ್ಟ್ ನೆಟ್ಟಗ ಕೈಲೆ ಯಾರಿಗೂ ಬರಿಯಾಕ ಬರೂದಿಲ್ಲಪಾ."

"ಮೂಲ್ಯಾಗ ನನ್ನ ಹೆಸರ ಐತಲ್ಲ?"

"ಆ ಹೆಸರಿನವ್ರು ಭಾಳ ಮಂದಿ ಇರ್ತಾರ."

ನನ್ನ ಹೆಂಡತಿ ಹಿಟ್ಟಿನ ಕೈಯಿಂದಲೇ ಬಾಯಿ ಮುಚ್ಚಿಕೊಂಡು ನಕ್ಕಳು. ಚಲೋ ಬರೆದದ್ದೇ ನನ್ನ ತಪ್ಪಾಯಿತು. ನಾಲ್ಕು ಅಕ್ಷರ ಸೊಟ್ಟಗೆ ಬರೆದಿದ್ದರೆ ಮಗಳು ನಂಬುತ್ತಿದ್ದಳು.

ಅವತ್ತೇ ಸಂಜೆ ಮೊದಲ ಫೋನು ಬಂತು. ಮೊಬೈಲ್ ಅಂಗಡಿಯವನೊಬ್ಬ ಹಿಂದಿಯಲ್ಲಿ, "ಸಾಹೇಬ್, ನಮ್ಮ ಬೋರ್ಡು ಬಹಳ ಸಣ್ಣದು, ಹಚ್ಚಿಕೊಳ್ಳಲೇ?" ಎಂದು ಕೇಳಿದ. ನನಗೆ ಗಳಿಗೆ ಹೊತ್ತು ಏನೂ ತಿಳಿಯಲಿಲ್ಲ. ಆಮೇಲೆ ಹೊಳೆಯಿತು: ಆದೇಶದ ಕೆಳಗೆ ಯಾರ ಹೆಸರಿದೆಯೋ ಅವನೇ ಆದೇಶ ಹೊರಡಿಸಿದ ಅಧಿಕಾರಿ. ಈ ಊರಿನವರಿಗೆ ಪೇಂಟರನ ಸಹಿಯ ಪದ್ಧತಿ ಹೇಗೆ ಗೊತ್ತಿರಬೇಕು? ತಿಳಿಸಿ ಹೇಳಬೇಕಿತ್ತು. ಖರೇ ಹೇಳುತ್ತೇನೆ, ಮನಸ್ಸು ಬರಲಿಲ್ಲ. "ನಹೀ ಚಲೇಗಾ", ನಡೆಯುವುದಿಲ್ಲ, ಎಂದುಬಿಟ್ಟೆ. ಆಹಾ, ಎಂಥ ರುಚಿ ಆ ಮಾತಿಗೆ! ಹುಟ್ಟಿದಾಗಿನಿಂದ ಆ ಮಾತನ್ನು ಬೇರೆಯವರಿಂದ ಕೇಳಿದ್ದೆನೇ ಹೊರತು ನಾನು ಯಾರಿಗೂ ಅಂದಿರಲಿಲ್ಲ.

ಬಟ್ಟೆ ಅಂಗಡಿ, ಬೇಕರಿ, ಕಣ್ಣಿನ ಆಸ್ಪತ್ರೆ, ಎಲ್ಲರೂ ಫೋನು ಮಾಡಿದರು. ಎಲ್ಲರಿಗೂ ನಹೀ ಚಲೇಗಾ. ಮಾತಾಡುವಾಗ ನಾನು ಎದ್ದು ನಿಲ್ಲುವುದನ್ನು, ಕೈ ಬೆನ್ನಿಗೆ ಕಟ್ಟಿಕೊಳ್ಳುವುದನ್ನು ಹೆಂಡತಿ ನೋಡಿದಳು.

"ಅಲ್ಪಗ ಐಶ್ವರ್ಯ ಬಂದ್ರ ಅರ್ಧರಾತ್ರ್ಯಾಗ ಕೊಡಿ ಹಿಡದಿದ್ನಂತ," ಎಂದಳು. "ನಾಳೆ ಖರೇ ಸಾಹೇಬ್ರಿಗೆ ತಿಳದ್ರ ಆ ಕೊಡೀಲೆ ಬಾರಸ್ತಾರ ನೋಡ್ರಿ."

ಒಂದು ಸಂಜೆ ಫೋನು ಎತ್ತಿದವಳು ಮಗಳು, ಸ್ಪೀಕರ್ ಹಾಕಿಬಿಟ್ಟಳು. "ಸಾಹೇಬ್, ನಮಸ್ಕಾರ್ ಸಾಹೇಬ್!" ದನಿ ಕೇಳಿ ಚಹಾ ಕೆಳಗಿಟ್ಟೆ. ನಮ್ಮ ಸೇಠ್! ಸರ್ಕಲ್ಲಿನ ಒಂದೇ ಒಂದು ಬೋರ್ಡಿಗಾದರೂ ದಯೆ ತೋರಿಸಬೇಕೆಂದು ಗೋಗರೆದ. ನಾನು ದನಿ ದಪ್ಪ ಮಾಡಿಕೊಂಡು, "ನಿಮ್ಮ ಬೋರ್ಡಿನ ಮೇಲೆ ಬಹಳ ಧೂಳಿದೆ. ಮೊದಲು ನೀವೇ ಖುದ್ದಾಗಿ ಒರೆಸಿ, ಆಮೇಲೆ ನೋಡೋಣ," ಎಂದೆ. ಮರುದಿನ ಹೋಗಿ ನೋಡಿದರೆ ಆ ಮನುಷ್ಯ ಏಣಿಯ ಮೇಲೆ, ತಾಡಪತ್ರಿ ಎತ್ತಿ ಒರೆಸುತ್ತಿದ್ದಾನೆ! ನಾನು ಕೆಳಗೆ ಏಣಿ ಹಿಡಿದುಕೊಂಡು ಮೆಲ್ಲಗೆ, "ಧೀರೇ ಧೀರೇ" ಎಂದೆ.

ಮಗಳು ಮಾತ್ರ ಕದಲಲಿಲ್ಲ. "ನೀ ಸಾಹೇಬ್ರಂಗ ಚಲೋ ಮಾತಾಡ್ತಿ," ಎಂದು ಒಪ್ಪಿಕೊಂಡಳು. ಪೇಂಟರ್ ಎಂದು ಒಪ್ಪಲಿಲ್ಲ.

ಕೊನೆಗೆ ಒಂದು ದಿನ ಖರೇ ಸಾಹೇಬರು ಗೋಡೆಯ ಮುಂದೆ ಜೀಪು ನಿಲ್ಲಿಸಿ, ತಮ್ಮ ಆದೇಶವನ್ನು ತಾವೇ ಕೊನೆಯವರೆಗೆ ಓದಿದರು. ಕರೆಸಿದರು. ನಾನು ಕೈ ಕಟ್ಟಿ ನಿಂತು, ಸಹಿ ನಮ್ಮ ಪದ್ಧತಿ ಎಂದು ತೊದಲಿದೆ. ಅವರು, "ನನಗೆ ಒಂದೂ ಫೋನು ಬರಲಿಲ್ಲವಲ್ಲ, ಜನ ಇಷ್ಟು ಒಳ್ಳೆಯವರಾದದ್ದು ಯಾವಾಗ ಅಂದುಕೊಂಡಿದ್ದೆ," ಎಂದರು. ಬೈಯಲಿಲ್ಲ. ಆದರೆ ಹೇಳಿದ್ದು ಬೈಗುಳಕ್ಕಿಂತ ಕೆಟ್ಟದ್ದು: ಹೊಸ ನಿಯಮ ತಯಾರಾಗಿದೆ, ಸೋಮವಾರದಿಂದ ಬೋರ್ಡುಗಳ ಲೈಟು ಹತ್ತುತ್ತದೆ, ಭಾನುವಾರದೊಳಗೆ ಗೋಡೆಯನ್ನು ಬಿಳಿ ಮಾಡು.

ಭಾನುವಾರ ಶಾಲೆ ಇರಲಿಲ್ಲ. ಬಣ್ಣದ ಡಬ್ಬಿ ಹಿಡಿದುಕೊಂಡು ಮಗಳೂ ಬಂದಳು. ಒಂದೊಂದೇ ಸಾಲು ಅಳಿಸುತ್ತ ಬಂದೆ. ಈ ಊರಿನಲ್ಲಿದ್ದದ್ದು ಅದೊಂದೇ ನನ್ನ ಬೋರ್ಡು. ಕೊನೆಯ ಸಾಲು ಉಳಿದಾಗ ಮಗಳು ಗೋಡೆಯ ಮೇಲೆ ಬೆರಳಾಡಿಸಿ ನಿಂತಳು.

"ಅಪ್ಪಾ, ಇದು ದಪ್ಪ ಹತ್ತತೈತಿ."

"ಬಣ್ಣ ಐತಿ ತಂಗಿ. ಕೈಲೆ ಬರದದ್ದು ದಪ್ಪ ಇರತೈತಿ."

"ಖರೇನs ನೀ ಬರದಿಯೇನು?" ಕಣ್ಣು ಕಿರಿದು ಮಾಡಿ ನನ್ನನ್ನು ನೋಡಿದಳು. "ಹಂಗಾರ ಈಗ ಬರಿ. ನಾ ನೋಡ್ತೀನಿ."

ಕೊನೆಯ ಸಾಲನ್ನೂ ಅಳಿಸಿ, ಬಿಳಿ ಒಣಗುವವರೆಗೆ ಕಾದೆವು. ಆಮೇಲೆ ಕೆಂಪು ಅದ್ದಿ, ಗೋಡೆಯ ನಡುವೆ, ಕನ್ನಡದಲ್ಲಿ, ಅವಳ ಹೆಸರು ಬರೆದೆ. ನೀಲಿ ನೆರಳು ಕೊಟ್ಟೆ. ಅವಳಿಗೆ ಕನ್ನಡದಲ್ಲಿ ಓದಲು ಬರುವುದು ಆ ಹೆಸರೊಂದೇ. ಮಗಳು ಬಾಯಿ ತೆರೆದವಳು ಮುಚ್ಚಲಿಲ್ಲ. ಕುಂಚ ತೊಳೆಯಲು ಹೊರಟರೆ ಅಂಗಿ ಹಿಡಿದು ಜಗ್ಗಿದಳು. "ಮೂಲ್ಯಾಗ ಸಹಿ ಹಾಕಿಲ್ಲಲ್ಲಪಾ!" ಹಾಕಿದೆ. ನಂಬರನ್ನೂ ಹಾಕಿಸಿದಳು. ಕಣ್ಣಲ್ಲಿ ನೀರು ಬಂತು, ಬಣ್ಣ ಸಿಡಿಯಿತು ಅಂದೆ.

ಸೋಮವಾರ ಬೋರ್ಡುಗಳು ಹತ್ತಿದವು, ದೋಸೆ ಮತ್ತೆ ಮಗುಚಿಕೊಳ್ಳತೊಡಗಿತು. ಮಂಗಳವಾರ ನಾನು ಸರ್ಕಲ್ಲಿನಲ್ಲಿ ಏಣಿಯ ಮೇಲೆ ಒರೆಸುತ್ತಿದ್ದೆ, ಸೇಠ್ ಕೆಳಗೆ ನಿಂತಿದ್ದ. ನನ್ನ ಜೇಬಿನ ಫೋನು ರಿಂಗಾಯಿತು. ಒಂದು ಕೈಯಲ್ಲಿ ಬಟ್ಟೆ ಹಿಡಿದೇ ಎತ್ತಿದೆ.

"ಸಾಹೇಬ್, ಮಾರ್ಕೆಟ್ಟಿನ ಗೋಡೆಯ ಮೇಲೆ ಮತ್ತೇನೋ ಹೊಸ ಆದೇಶ ಬಂದಿದೆಯಂತೆ," ದನಿ ಗಾಬರಿಯಾಗಿತ್ತು. "ಕನ್ನಡದಲ್ಲಿದೆ, ಓದಲು ಬರುವುದಿಲ್ಲ. ಇದೂ ಹಿಂದಿನ ಹಾಗೆ ತಾತ್ಕಾಲಿಕವೇ ಸಾಹೇಬ್?"

"ನಹೀ ಸೇಠ್," ಎಂದೆ. "ಯೇ ಕಾಯಂ ಹೈ."

ಕೆಳಗೆ ಸೇಠ್ ಫೋನನ್ನು ಕಿವಿಯಿಂದ ತೆಗೆದು ನೋಡಿದ. ಆಮೇಲೆ ನಿಧಾನಕ್ಕೆ ತಲೆ ಎತ್ತಿ ನನ್ನನ್ನು ನೋಡಿದ.